ಪ್ರಯೋಗಾಲಯದ ಲೆಕ್ಕಪತ್ರ: ಅನುದಾನದಿಂದ ಆಸಿಡ್ ಬಾಟಲಿವರೆಗೆ

ಲೆಕ್ಕಪತ್ರ ಹೆಚ್.ಎಂ. ಕೆಲಸ, ವಿಜ್ಞಾನ ಮೇಷ್ಟ್ರಿಗೆ ಅದರ ಗೊಡವೆ ಯಾಕೆ ಅಂತ ಕೇಳಬಹುದು. ಒಮ್ಮೆ ನಿಮ್ಮ ಲ್ಯಾಬಿನ ಬೀರು ತೆಗೆದು ನೋಡಿ. ಸೂಕ್ಷ್ಮದರ್ಶಕ ಇನ್ನೂ ಪೆಟ್ಟಿಗೆಯಲ್ಲೇ ಇದ್ದರೆ, ಬೀಕರುಗಳಿಗೆ ಧೂಳು ಹಿಡಿದಿದ್ದರೆ, ಕಾರಣ ಹೆಚ್ಚಾಗಿ ಇದೇ: "ಒಡೆದರೆ ಆಡಿಟ್‌ನಲ್ಲಿ ಯಾರು ಉತ್ತರ ಕೊಡೋದು?" ಈ ಭಯದಿಂದ ಮಕ್ಕಳ ಕೈಗೆ ಪ್ರಯೋಗವೇ ಸಿಗದೆ ಹೋಗುತ್ತೆ. ರಿಜಿಸ್ಟರ್ ಸರಿಯಿದ್ದರೆ ಭಯಕ್ಕೆ ಜಾಗವಿಲ್ಲ.

ಮೊದಲು ಹಣದ ವಿಷಯ. ಸಮಗ್ರ ಶಿಕ್ಷಾ ಯೋಜನೆಯ ಸಂಯೋಜಿತ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಮಾನದಂಡದ ಪ್ರಕಾರ ವರ್ಷಕ್ಕೆ 30 ಮಕ್ಕಳವರೆಗೆ 10,000 ರೂ., 100ರವರೆಗೆ 25,000, 250ರವರೆಗೆ 50,000, 1000ರವರೆಗೆ 75,000, ಅದಕ್ಕೂ ಮೇಲಿದ್ದರೆ 1 ಲಕ್ಷ. ಇದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೇ ಹೋಗಬೇಕು. 95 ಮಕ್ಕಳ ಶಾಲೆ ಅಂತಿಟ್ಟುಕೊಳ್ಳಿ. 25,000ದಲ್ಲಿ 2,500 ಕಳೆದು ಉಳಿಯೋದು 22,500. ಕರೆಂಟ್ ಬಿಲ್ಲು, ನೀರು, ಸೀಮೆಸುಣ್ಣ, ರಿಪೇರಿ ಎಲ್ಲಾ ಅದರಲ್ಲೇ. ಲ್ಯಾಬಿನ ಸಾಮಾನೂ ಅದರಲ್ಲೇ ಬರುತ್ತೆ, ಆದರೆ ಕೇಳಿದವರಿಗೆ ಮಾತ್ರ. ಯಾವ ತರಗತಿಯ ಯಾವ ಪ್ರಯೋಗಕ್ಕೆ ಎಷ್ಟು ಪ್ರನಾಳ, ಎಷ್ಟು ರಾಸಾಯನಿಕ ಬೇಕು ಅಂತ ಒಂದೇ ಪುಟದಲ್ಲಿ ಬರೆದು ಶಾಲಾ ನಿರ್ವಹಣಾ ಸಮಿತಿಯ ಮುಂದಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು. ಪ್ರಯೋಗವನ್ನು ಅಲ್ಲೇ ಮಾಡಿ ತೋರಿಸಿದರೆ ತೀರ್ಮಾನ ಬೇಗ ಆಗುತ್ತೆ. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸೋದು ಮರೀಬೇಡಿ.

ಹಣ ಹೊತ್ತಿಗೆ ಸರಿಯಾಗಿ ಬರುತ್ತೆ ಅಂತಲೂ ಇಲ್ಲ. 2024-25ರ ಸಮಗ್ರ ಶಿಕ್ಷಾ ಹಣವನ್ನು ಕೇಂದ್ರ ತಡೆಹಿಡಿದಿದ್ದಕ್ಕೆ ತಮಿಳುನಾಡು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ನಿಮಗೆ ಗೊತ್ತೇ ಇದೆ. ಪಟ್ಟಿ ಮೊದಲೇ ತಯಾರಿದ್ದರೆ ಹಣ ತಡವಾಗಿ ಬಂದರೂ ಮಾರ್ಚ್ 31ರೊಳಗೆ ಖರ್ಚು ಮುಗಿಸಬಹುದು.

ಇನ್ನು ಬಿಲ್ಲು. ಡೆಂಕಣಿಕೋಟೆಯವರು ಸಾಮಾನಿಗೆ ಹೊಸೂರಿಗೂ ಹೋಗ್ತೀವಿ, ಬೆಂಗಳೂರಿಗೂ ಹೋಗ್ತೀವಿ. ಜಿ.ಎಸ್.ಟಿ. ನೋಂದಣಿ ಸಂಖ್ಯೆಯಲ್ಲಿ 15 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿ ರಾಜ್ಯದ್ದು. 33 ಇದ್ದರೆ ತಮಿಳುನಾಡು, 29 ಇದ್ದರೆ ಕರ್ನಾಟಕ. ಹೊಸೂರಿನ ಬಿಲ್ಲಿನಲ್ಲಿ ತೆರಿಗೆ ಸಿ.ಜಿ.ಎಸ್.ಟಿ., ಎಸ್.ಜಿ.ಎಸ್.ಟಿ. ಅಂತ ಎರಡು ಸಮಪಾಲಾಗಿರುತ್ತೆ. ಬೆಂಗಳೂರಿನ ಅಂಗಡಿಯವರು ನಮ್ಮ ಶಾಲೆಗೇ ಸಾಮಾನು ಕಳಿಸಿದರೆ ಐ.ಜಿ.ಎಸ್.ಟಿ. ಅಂತ ಒಂದೇ ಸಾಲು. ಬಿಲ್ಲು ಶಾಲೆಯ ಹೆಸರಿಗಿರಲಿ, ನಿಮ್ಮ ಹೆಸರಿಗೆ ಬೇಡ. 'ಎಸ್ಟಿಮೇಟ್' ಅಂತ ಬರೆದುಕೊಟ್ಟ ಚೀಟಿ ಬಿಲ್ಲಲ್ಲ, ಎಷ್ಟೇ ಅಗ್ಗಕ್ಕೆ ಸಿಕ್ಕಿದ್ದರೂ ಸರಿ.

ಸಾಮಾನು ಬಂದ ದಿನವೇ ದಾಸ್ತಾನು ಪುಸ್ತಕಕ್ಕೆ ಏರಿಸಿ. ಬಾಳುವ ವಸ್ತು (ಸೂಕ್ಷ್ಮದರ್ಶಕ, ತಕ್ಕಡಿ) ಒಂದು ಪುಸ್ತಕ, ಮುಗಿದುಹೋಗುವ ವಸ್ತು (ಲಿಟ್ಮಸ್ ಕಾಗದ, ರಾಸಾಯನಿಕ) ಇನ್ನೊಂದು. ಗಾಜಿನ ಸಾಮಾನಿಗೆ 'ಒಡೆದ ವಸ್ತುಗಳ ಪುಸ್ತಕ' ಬೇರೆಯೇ ಇಡಿ: ದಿನಾಂಕ, ತರಗತಿ, ಪ್ರಯೋಗ, ಒಡೆದದ್ದು ಏನು, ನಿಮ್ಮ ಸಹಿ, ಹೆಚ್.ಎಂ. ಸಹಿ. ಪ್ರಯೋಗ ಮಾಡಿದ ಲ್ಯಾಬಿನಲ್ಲಿ ಗಾಜು ಒಡೆಯೋದು ಸಹಜ. ನನ್ನ ಮಟ್ಟಿಗೆ ಹೇಳೋದಾದರೆ, ವರ್ಷವಿಡೀ ಒಂದೂ ಒಡೆಯದ ಲ್ಯಾಬಿನ ಮೇಲೇ ಅನುಮಾನ ಬರಬೇಕು! ವರ್ಷಕ್ಕೊಮ್ಮೆ ಎಲ್ಲವನ್ನೂ ಎಣಿಸಿ, ಕೆಟ್ಟದ್ದರ ಪಟ್ಟಿ ಮಾಡಿ, ಲೆಕ್ಕದಿಂದ ತೆಗೆಯಲು ಮೇಲಿನವರ ಅನುಮತಿ ಕೇಳಿ. ಅದು ಬರೋವರೆಗೆ ಮುರಿದದ್ದನ್ನೂ ಗುಜರಿಗೆ ಹಾಕಬೇಡಿ.

ತಪಾಸಣೆಗೆ ಬಂದವರಿಗೆ ಕನ್ನಡ ಓದಲು ಬಾರದೆ ಇರಬಹುದು. ವಸ್ತುವಿನ ಹೆಸರಿನ ಪಕ್ಕ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರೆದಿಟ್ಟರೆ ಅರ್ಧ ಪ್ರಶ್ನೆಗಳು ಹುಟ್ಟೋದೇ ಇಲ್ಲ.

ಕೊನೆಗೆ, ನಮ್ಮಲ್ಲಿ ಹೆಚ್ಚು ಜನ ಗಮನಿಸದ ವಿಷಯ: ಆಸಿಡ್. ಲಕ್ಷ್ಮಿ ಅವರ ಪ್ರಕರಣದಲ್ಲಿ 2013ರ ಜುಲೈ 18ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಅಂಗಡಿಗಳಿಗಷ್ಟೇ ಅಂತ ತಿಳಿದವರಿದ್ದಾರೆ. ಆಸಿಡ್ ಇಟ್ಟುಕೊಳ್ಳುವ ಶಿಕ್ಷಣ ಸಂಸ್ಥೆಗಳಿಗೂ ಅದು ಅನ್ವಯ. ಬಳಕೆಯ ರಿಜಿಸ್ಟರ್ ಇಟ್ಟು ಉಪವಿಭಾಗ ದಂಡಾಧಿಕಾರಿಗೆ (ನಮಗೆ ಹೊಸೂರು ಸಬ್ ಕಲೆಕ್ಟರ್) ಸಲ್ಲಿಸಬೇಕು, ಒಬ್ಬರನ್ನು ಜವಾಬ್ದಾರರನ್ನಾಗಿ ಮಾಡಬೇಕು, ಲ್ಯಾಬಿನಿಂದ ಹೊರಗೆ ಹೋಗುವವರನ್ನು ತಪಾಸಣೆ ಮಾಡಬೇಕು. ರಿಜಿಸ್ಟರ್ ಮಿಲಿಲೀಟರ್ ಲೆಕ್ಕದಲ್ಲೇ ಇರಲಿ: 500 ಮಿ.ಲೀ. ಬಾಟಲಿಯಿಂದ ಸತುವಿನ ಪ್ರಯೋಗದ ಸಾರರಿಕ್ತ ಆಮ್ಲಕ್ಕೆ 20 ತೆಗೆದರೆ ಉಳಿದದ್ದು 480, ದಿನಾಂಕ, ಸಹಿ. ಬೀಗದ ಕೈ ಜವಾಬ್ದಾರರ ಹತ್ತಿರವೇ ಇರಲಿ. ಖಾಲಿ ಬಾಟಲಿಗಳನ್ನೂ ಎಣಿಸಿ.