ಬೇಸ್‌ಬಾಲ್‌ನ ಹೋಮ್ ರನ್ ವೀರರು

ಅಮೆರಿಕದ ಮೇಜರ್ ಲೀಗ್‌ನಲ್ಲಿ ಅತಿ ಹೆಚ್ಚು ಹೋಮ್ ರನ್ ಹೊಡೆದವರು ಬ್ಯಾರಿ ಬಾಂಡ್ಸ್: 762. ಒಂದೇ ಋತುವಿನ ದಾಖಲೆಯೂ (73, 2001) ಅವರದೇ. ನಂತರದವರು ಹ್ಯಾಂಕ್ ಆರನ್ 755, ಬೇಬ್ ರೂತ್ 714, ಆಲ್ಬರ್ಟ್ ಪೂಹೋಲ್ಸ್ 703.

ದಿನಾಂಕವೊಂದನ್ನು ಮರೆಯಬೇಡಿ: 1974ರ ಏಪ್ರಿಲ್ 8. ಅಂದು ಅಟ್ಲಾಂಟಾದಲ್ಲಿ ಆರನ್ 715ನೆಯ ಹೋಮ್ ರನ್ ಹೊಡೆದು ರೂತ್ ದಾಖಲೆ ಮುರಿದರು. ಕಪ್ಪು ವರ್ಣೀಯ ಆಟಗಾರ ಆ ದಾಖಲೆ ಮುಟ್ಟಬಾರದೆಂದು ಅವರಿಗೆ ಕೊಲೆ ಬೆದರಿಕೆಯ ಪತ್ರಗಳು ಬರುತ್ತಿದ್ದವು. ಅವರು ಹಿಂಜರಿಯದೆ ಆಡಿದರು. ನನ್ನ ಮಟ್ಟಿಗೆ ಈ ಪಟ್ಟಿಯಲ್ಲೇ ದೊಡ್ಡ ಹೊಡೆತ ಅದು. 2007ರಲ್ಲಿ ಆರನ್‌ರನ್ನು ಹಿಂದಿಕ್ಕಿದ ಬಾಂಡ್ಸ್ ಮೇಲೆ ಉದ್ದೀಪನ ಮದ್ದಿನ ಆರೋಪವಿದೆ.

ಜಪಾನ್‌ನಲ್ಲಿ ಅತಿ ಹೆಚ್ಚು ಹೋಮ್ ರನ್ ಹೊಡೆದವರು ಬೇರೆ: ಯೊಮಿಯುರಿ ಜೈಂಟ್ಸ್ ತಂಡದ ಸದಹರು ಓ, 868.