ಅಜ್ಜಿ ಹೆಣೆದ ಕುಲಾವಿ ಮತ್ತು ಕೂಸಿನ ನಿದ್ದೆ

ಅಜ್ಜಿ ಕೈಯಾರೆ ಹೆಣೆದ ಉಣ್ಣೆಯ ಕುಲಾವಿ ಬೇಡವೆಂದು ನಾನು ಹೇಳುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿದರೂ ಒದ್ದೆಯೆನಿಸದು. ಅಕ್ರಿಲಿಕ್ ನೂಲಿಗೆ ಆ ಗುಣವಿಲ್ಲ. ಆದರೆ ಕೂಸಿನ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಹೆಚ್ಚಾದ ಬಿಸಿ ಹೊರಹೋಗುವ ಮುಖ್ಯ ದಾರಿಯೂ ಅದೇ. ಮನೆಯೊಳಗೆ ಕುಲಾವಿ ಹಾಕಿ ಮಲಗಿಸಿದರೆ ಮೈ ಕಾಯುತ್ತದೆ, ಅದು ಜಾರಿದರೆ ಮೂಗು ಮುಚ್ಚುತ್ತದೆ. ಶಿಶುಗಳ ಹಠಾತ್ ಸಾವಿನ ಅಪಾಯವನ್ನು ಅತಿಯಾದ ಬಿಸಿ ಹೆಚ್ಚಿಸುತ್ತದೆಂದು ವೈದ್ಯರು ಎಚ್ಚರಿಸುತ್ತಾರೆ.

‘ಕಿವಿಗೆ ಗಾಳಿ ಹೊಕ್ಕರೆ?’ ಎಂಬ ಹಿರಿಯರ ಆತಂಕ ಅರ್ಥವಾಗುವಂಥದ್ದೇ. ಹೊರಗಿನ ಚಳಿಗೆ, ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ ಟೊಪ್ಪಿ ಬೇಕೇ ಬೇಕು. 1970ರ ದಶಕದಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದ, ಕೂಸನ್ನು ತಾಯಿಯ ಎದೆಗೆ ಅಪ್ಪಿಸಿಡುವ ಕಾಂಗರೂ ಆರೈಕೆಯಲ್ಲೂ ಟೊಪ್ಪಿಯುಂಟು, ಆದರೆ ಬಿಸಿ ಕೊಡುವುದು ತಾಯಿಯ ಎದೆ. ಮಲಗಿಸುವ ಮುನ್ನ ಕೂಸಿನ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಪದರ ಕಳಚಿ. ಕತ್ತಿಗೆ ಬಿಗಿಯುವ ಲಾಡಿಯಂತೂ ಬೇಡವೇ ಬೇಡ.