ಹುಲಿಯ ಕೊರಳಿಗೆ ಗಂಟೆ ಕಟ್ಟಿದವರು



‘ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?’ ಎಂಬ ಇಲಿಗಳ ಕಥೆ ನಮಗೆಲ್ಲ ಗೊತ್ತು. ಇಲಿಗಳಿಂದ ಆಗದ ಆ ಕೆಲಸವನ್ನು ಮನುಷ್ಯರು ಹುಲಿಗೆ, ಆನೆಗೆ, ಹಕ್ಕಿಗೆ ಮಾಡಿದ್ದಾರೆ. ಆ ಗಂಟೆಯ ಹೆಸರು ರೇಡಿಯೊ ಕಾಲರ್. ಕಾಲರ್ ಅಂದರೆ ಕೊರಳಪಟ್ಟಿ. ಅದರ ಬಗ್ಗೆ ನಾನು ತಿಳಿದುಕೊಂಡದ್ದನ್ನು ಈ ಸಲದ ಗೋಡೆ ಪತ್ರಿಕೆಗೆ ಬರೆದಿದ್ದೇನೆ.

ಗಂಟೆ ಯಾಕೆ ಬೇಕು?

ನಮ್ಮಜ್ಜ ಕುರಿ ಕಾಯುತ್ತಾನೆ. ಮುಂದಿನ ಟಗರಿನ ಕೊರಳಿಗೆ ಗಂಟಿ ಕಟ್ಟಿದ್ದಾನೆ. ರಾತ್ರಿ ಹೊಲದಾಗ ಮಲಗಿದಾಗ ಗಂಟಿ ಸಪ್ಪಳ ಕೇಳಿ ಕುರಿ ಎಲ್ಲಿ ಅದಾವ ಅಂತ ಹೇಳುತ್ತಾನೆ. ಬಹಳ ಹೊತ್ತು ಸಪ್ಪಳ ನಿಂತರೂ ಎದ್ದು ಕೂಡುತ್ತಾನೆ. “ಗಂಟಿ ಸುಮ್ಮನಾದರ ಅದೂ ಒಂದು ಸುದ್ದಿನ” ಅಂತಾನೆ.

ಕಾಡುಪ್ರಾಣಿಗೆ ಇಂಥ ಗಂಟೆ ಇಲ್ಲದಿದ್ದರೆ ಏನಾಗುತ್ತದೆ? 2022ರ ಆಗಸ್ಟಿನಲ್ಲಿ ನಮ್ಮ ಜಿಲ್ಲಾ ಸ್ಥಳ ಬೆಳಗಾವಿ ಊರೊಳಗೆ ಚಿರತೆ ಬಂತು. ಗಾಲ್ಫ್ ಮೈದಾನದ ಗಿಡಗಂಟಿಯಲ್ಲಿ ಅಡಗಿತು. ಸುತ್ತಲಿನ 22 ಶಾಲೆಗಳಿಗೆ ರಜೆ ಕೊಟ್ಟರು. ಶಿವಮೊಗ್ಗದ ಸಕ್ರೆಬೈಲಿನಿಂದ ಆನೆ ತರಿಸಿದರು, ಕ್ಯಾಮೆರಾ ಇಟ್ಟರು, ಬೋನು ಇಟ್ಟರು. ಸುಮಾರು ಒಂದು ತಿಂಗಳು ಹುಡುಕಿದರೂ ಅದು ಕೈಗೆ ಸಿಗಲಿಲ್ಲ. ನಾನಾಗ ಸಣ್ಣಾಕಿ ಇದ್ದೆ. ಸಾಲಿ ಸೂಟಿ ಅಂತ ಆ ಹುಡುಗರ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಆದರೆ ಚಿರತೆ ಎಲ್ಲಿದೆ ಎಂದು ಗೊತ್ತಿಲ್ಲದೆ ಮನೆಯೊಳಗೆ ಕೂಡುವುದು ಸೂಟಿ ಅಲ್ಲ ಎಂದು ಈಗ ತಿಳಿಯುತ್ತದೆ.

ನಾಗರಹೊಳೆಯ ಹುಲಿಗಳು

ನಮ್ಮ ರಾಜ್ಯದಲ್ಲಿ ಹುಲಿಗೆ ಈ ಗಂಟೆ ಕಟ್ಟಿದವರು ಡಾ. ಕೆ. ಉಲ್ಲಾಸ ಕಾರಂತರು. ಇವರು ಸಾಹಿತಿ ಶಿವರಾಮ ಕಾರಂತರ ಮಗ. ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಆಮೇಲೆ ಕಾಡುಪ್ರಾಣಿಗಳ ಅಭ್ಯಾಸಕ್ಕೆ ಬಂದರು. 1990ರಲ್ಲಿ ನಾಗರಹೊಳೆ ಕಾಡಿನಲ್ಲಿ ಹುಲಿಗೆ ಅರವಳಿಕೆ ಮದ್ದಿನ ಸೂಜಿ ಹೊಡೆದು, ಅದು ಮಲಗಿದಾಗ ಕೊರಳಪಟ್ಟಿ ಕಟ್ಟಿದರು. ಎಚ್ಚರಾದ ಹುಲಿ ತನ್ನ ಪಾಡಿಗೆ ಕಾಡು ಸೇರಿತು. ಕಣ್ಣಿಗೆ ಕಾಣದ ಹುಲಿ ಅಂದಿನಿಂದ ಕಿವಿಗೆ ಕೇಳತೊಡಗಿತು!

ಅದು ಹೇಗೆ ಕೆಲಸ ಮಾಡುತ್ತದೆ?

ಆ ಪಟ್ಟಿಯೊಳಗೆ ಚಿಕ್ಕ ರೇಡಿಯೊ ಯಂತ್ರವೂ ಬ್ಯಾಟರಿಯೂ ಇರುತ್ತವೆ. ಅದು ‘ಬೀಪ್, ಬೀಪ್’ ಎಂಬ ಸಂಕೇತವನ್ನಷ್ಟೇ ಕಳಿಸುತ್ತದೆ. ಇದನ್ನು ನಾನು ಮಿಸ್ಡ್ ಕಾಲ್‌ಗೆ ಹೋಲಿಸುತ್ತೇನೆ. ಮಾತಿಲ್ಲ, ‘ನಾನು ಇಲ್ಲಿದ್ದೇನೆ’ ಎಂಬುದೊಂದೇ ಸುದ್ದಿ. ಹಳೆಯ ಮನೆಗಳ ಮಾಳಿಗೆ ಮೇಲೆ ಟಿವಿ ಆಂಟೆನಾ ಇರುತ್ತಿತ್ತಲ್ಲ, ಅಂಥದೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಬೇಕು. ಯಾವ ಕಡೆ ಸಪ್ಪಳ ಜೋರೋ ಆ ಕಡೆ ಹುಲಿ.

ಆದರೆ ದಿಕ್ಕು ಗೊತ್ತಾದರೆ ದೂರ ಗೊತ್ತಾಗುವುದಿಲ್ಲ. ಅದಕ್ಕೆ ನಕಾಶೆಯ ಮೇಲೆ ಆ ದಿಕ್ಕಿಗೆ ಒಂದು ಗೆರೆ ಎಳೆಯುತ್ತಾರೆ. ಬೇಗನೆ ಇನ್ನೊಂದು ಜಾಗಕ್ಕೆ ಹೋಗಿ ಮತ್ತೊಂದು ಗೆರೆ ಎಳೆಯುತ್ತಾರೆ. ಎರಡು ಗೆರೆ ಕೂಡಿದ ಬಿಂದುವೇ ಹುಲಿಯ ಜಾಗ. ರೇಖಾಗಣಿತ ಯಾಕೆ ಕಲಿಯಬೇಕು ಎಂದು ಕೇಳುವವರು ಕೆಳಗಿನ ಚಿತ್ರ ನೋಡಿರಿ.

ನಮ್ಮಜ್ಜನ ಮಾತು ಈ ಯಂತ್ರಕ್ಕೂ ಗೊತ್ತು. ಪ್ರಾಣಿ ಬಹಳ ತಾಸು ಅಲುಗಾಡದಿದ್ದರೆ ಕೆಲವು ಪಟ್ಟಿಗಳ ಬೀಪ್ ಬೇರೆ ವೇಗದಲ್ಲಿ ಬರುತ್ತದೆ. ಪ್ರಾಣಿ ಸತ್ತಿರಬಹುದು ಅಥವಾ ಪಟ್ಟಿ ಕಳಚಿ ಬಿದ್ದಿರಬಹುದು, ಹೋಗಿ ನೋಡಿರಿ ಎಂದು ಅರ್ಥ.

ಈಗಿನ ಪಟ್ಟಿಗಳಲ್ಲಿ ಜಿಪಿಎಸ್ ಇರುತ್ತದೆ. ಅದು ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳ ಸಂಕೇತ ಕೇಳಿ ತನ್ನ ಜಾಗವನ್ನು ತಾನೇ ಲೆಕ್ಕ ಹಾಕುತ್ತದೆ. ಆಮೇಲೆ ಮೊಬೈಲ್ ಗೋಪುರ ಅಥವಾ ಬೇರೆ ಉಪಗ್ರಹದ ಮೂಲಕ ಸುದ್ದಿ ಕಳಿಸುತ್ತದೆ.

ಒಂದು ಲೆಕ್ಕ

ಇಲ್ಲಿ ದೊಡ್ಡ ತೊಡಕು ಬ್ಯಾಟರಿಯದು. ಹುಲಿಯನ್ನು ದಿನಾ ಹಿಡಿದು ಚಾರ್ಜ್ ಮಾಡಲಿಕ್ಕೆ ಆಗುತ್ತದೆಯೇ?

ಬ್ಯಾಟರಿ ಅಂದರೆ 2000 ಕೊಡ ನೀರಿನ ಟಾಕಿ ಎಂದು ತಿಳಿಯಿರಿ. ಯಂತ್ರ ಎಚ್ಚರ ಇದ್ದರೆ ತಾಸಿಗೆ 20 ಕೊಡ ಖಾಲಿ.
2000 ÷ 20 = 100 ತಾಸು. ಅಂದರೆ 4 ದಿನ 4 ತಾಸು. ಮುಗಿಯಿತು!

ಅದೇ ಯಂತ್ರ ತಾಸಿಗೆ 1 ನಿಮಿಷ ಮಾತ್ರ ಎಚ್ಚರಾಗಿ 59 ನಿಮಿಷ ಮಲಗಿದರೆ?
100 × 60 = 6000 ತಾಸು. 6000 ÷ 24 = 250 ದಿನ!

ಮಲಗಿದಾಗಲೂ ಒಂದೆರಡು ಹನಿ ಸೋರುವುದರಿಂದ ನಿಜವಾಗಿ ಸ್ವಲ್ಪ ಕಡಿಮೆ ಬರುತ್ತದೆ. ನಾವು ತರಗತಿಯಲ್ಲಿ ನಿದ್ದೆ ಮಾಡಿದರೆ ಬೈಸಿಕೊಳ್ಳುತ್ತೇವೆ, ಆದರೆ ಈ ಯಂತ್ರ ಎಷ್ಟು ನಿದ್ದೆ ಮಾಡುತ್ತದೋ ಅಷ್ಟು ಜಾಣ.

ಭಾರ ಯಾರ ಮೇಲೆ?

ದೊಡ್ಡ ಬ್ಯಾಟರಿ ಹಾಕಿದರೆ ಆಯಿತಲ್ಲ ಎನ್ನಬಹುದು. ಆದರೆ ಹೊರುವವರು ನಾವಲ್ಲ. ಹಕ್ಕಿಗೆ ಕಟ್ಟುವ ಯಂತ್ರ ಸಾಮಾನ್ಯವಾಗಿ ಅದರ ಮೈತೂಕದ ನೂರಕ್ಕೆ 3ರಿಂದ 5 ಭಾಗ ದಾಟಬಾರದು ಎಂದು ನಿಯಮ ಇಟ್ಟುಕೊಂಡಿದ್ದಾರೆ.

ಗೋಕಾಕ ಸೀಮೆಯ ಧೂಪದಾಳದ ಘಟಪ್ರಭಾ ಪಕ್ಷಿಧಾಮಕ್ಕೆ ಚಳಿಗಾಲದಲ್ಲಿ ಡೆಮೊಸಿಲ್ ಕ್ರೇನ್ ಎಂಬ ಕ್ರೌಂಚ ಪಕ್ಷಿ ದೂರದಿಂದ ಬರುತ್ತದೆ. ಅದರ ತೂಕ ಎರಡೂವರೆ ಕಿಲೊ ಹಿಡಿದರೆ, ನೂರಕ್ಕೆ 3ರಂತೆ 75 ಗ್ರಾಂ. ಅಮೂರ್ ಫಾಲ್ಕನ್ ಎಂಬ ಪುಟ್ಟ ಬೇಟೆಹಕ್ಕಿ ಇನ್ನೂ ಹಗುರ. 2013ರಲ್ಲಿ ನಾಗಾಲ್ಯಾಂಡಿನಲ್ಲಿ ಮೂರು ಅಮೂರ್ ಫಾಲ್ಕನ್‌ಗಳಿಗೆ ಬಿಸಿಲಿನಿಂದ ನಡೆಯುವ 5 ಗ್ರಾಂ ಯಂತ್ರ ಕಟ್ಟಿದರು. ಅದು 5 ರೂಪಾಯಿ ನಾಣ್ಯಕ್ಕಿಂತ ಹಗುರ! ಅದನ್ನು ಹೊತ್ತು ಅವು ಅರಬ್ಬಿ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋದವು.

ಈ ನಿಯಮ ನನಗೆ ಹಚ್ಚಿದೆ. ನನ್ನ ತೂಕ 33 ಕಿಲೊ. ನೂರಕ್ಕೆ 3 ಅಂದರೆ 1 ಕಿಲೊಕ್ಕೆ 10 ಗ್ರಾಂ ಕಡಿಮೆ. ಕಿರಾಣಿ ಅಂಗಡಿಯಲ್ಲಿ ನನ್ನ ಪಾಟೀಚೀಲ ತೂಗಿಸಿದೆ. ನಾಲ್ಕೂವರೆ ಕಿಲೊ! ಹಕ್ಕಿಗೆ ಇರುವ ಕಾಯಿದೆ ನಮಗೂ ಇದ್ದಿದ್ದರೆ ಚೆನ್ನಾಗಿತ್ತು. (ಗುರುಗಳು ಸಿಟ್ಟಾಗಬಾರದು.)

ಆನೆಯ ಕಾಲರ್ ಹಗುರ ಮಾಡುವ ಪ್ರಯತ್ನವೂ ನಡೆದಿದೆ. ಹೊರದೇಶದಿಂದ ತರಿಸುತ್ತಿದ್ದುದರ ತೂಕ ಸುಮಾರು 16 ಕಿಲೊ, ಬೆಲೆ ಸುಮಾರು ಆರೂವರೆ ಲಕ್ಷ ರೂಪಾಯಿ. 2025ರಲ್ಲಿ ನಮ್ಮ ಅರಣ್ಯ ಇಲಾಖೆ ಇಲ್ಲಿಯೇ ಮಾಡಿಸಿದ ಕಾಲರ್ 7 ಕಿಲೊ, ಬೆಲೆ ಸುಮಾರು 1 ಲಕ್ಷ 80 ಸಾವಿರ.

ಅರ್ಜುನನನ್ನು ಮರೆಯಬಾರದು

ಗಂಟೆ ಕಟ್ಟುವ ಕೆಲಸ ಸುಲಭವಲ್ಲ. ಮೈಸೂರು ದಸರೆಯಲ್ಲಿ 8 ಸಲ ಚಿನ್ನದ ಅಂಬಾರಿ ಹೊತ್ತ ಆನೆ ಅರ್ಜುನ ನಿಮಗೆ ಗೊತ್ತು. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಸಕಲೇಶಪುರ ತಾಲೂಕಿನ ಯಸಳೂರು ಕಾಡಿನಲ್ಲಿ, ಕಾಡಾನೆ ಹಿಡಿದು ರೇಡಿಯೊ ಕಾಲರ್ ಹಾಕುವ ಕೆಲಸಕ್ಕೆ ಅವನನ್ನು ಕರೆದೊಯ್ದಿದ್ದರು. ಅಲ್ಲಿ ಒಂಟಿ ಸಲಗದ ಸಂಗಡ ಕಾದಾಡಿ ಅರ್ಜುನ ಸತ್ತ. ಟಿವಿಯಲ್ಲಿ ಅದನ್ನು ನೋಡಿ ನಮ್ಮವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಹಾಸನದ ಕಡೆ ಕಾಲರ್ ಹಾಕಿದ ಆನೆ ಊರ ಹತ್ತಿರ ಬಂದರೆ ಜನರ ಮೊಬೈಲಿಗೆ ಸಂದೇಶ ಹೋಗುತ್ತದೆ. ಕಾಫಿ ತೋಟದ ಕೂಲಿಯವರು ಆ ದಾರಿ ಬಿಡುತ್ತಾರೆ. ಆನೆಯೂ ಉಳಿಯುತ್ತದೆ, ಮನುಷ್ಯನೂ ಉಳಿಯುತ್ತಾನೆ. ಆದರೆ ಸಂದೇಶ ಬಂದರೂ ಓದದೆ ಹೋದರೆ ಗಂಟೆ ಕಟ್ಟಿ ಏನು ಉಪಯೋಗ? ಪ್ರಾಣಿ ನಮಗಾಗಿ ಭಾರ ಹೊರುತ್ತದೆ. ಕಿವಿಗೊಟ್ಟು ಕೇಳುವ ಕೆಲಸ ನಮ್ಮದು.

ಎಂಜಿನಿಯರಿಂಗ್ ಕಲಿತರೆ ಸೇತುವೆ, ಕಾರ್ಖಾನೆ ಅಷ್ಟೇ ಎಂದು ನಾನು ತಿಳಿದಿದ್ದೆ. 5 ಗ್ರಾಮಿಗಿಂತ ಹಗುರವಾದ, ಇನ್ನೂ ಹೆಚ್ಚು ನಿದ್ದೆ ಮಾಡುವ ಗಂಟೆ ಕಟ್ಟುವುದೂ ಎಂಜಿನಿಯರಿಂಗೇ. ನಮ್ಮಲ್ಲಿ ಯಾರಾದರೂ ಮಾಡಬಹುದು.

ಯೋಚಿಸಿ ಉತ್ತರಿಸಿರಿ (ಉತ್ತರ ಬರೆದು ಪತ್ರಿಕೆಯ ಕೆಳಗಿನ ಡಬ್ಬಿಯಲ್ಲಿ ಹಾಕಿರಿ)

1. 20 ಗ್ರಾಂ ತೂಕದ ಗುಬ್ಬಿಗೆ ನೂರಕ್ಕೆ 3ರಂತೆ ಎಷ್ಟು ತೂಕದ ಯಂತ್ರ ಕಟ್ಟಬಹುದು?
2. ಮೇಲಿನ ಲೆಕ್ಕದ ಯಂತ್ರ ತಾಸಿಗೆ 2 ನಿಮಿಷ ಎಚ್ಚರ ಇದ್ದರೆ ಎಷ್ಟು ದಿನ ಬಾಳುತ್ತದೆ?
3. ನಿಮ್ಮ ಪಾಟೀಚೀಲದ ತೂಕ ಎಷ್ಟು?

– 7ನೇ ತರಗತಿಯ ವಿದ್ಯಾರ್ಥಿನಿ